ಬನಶಂಕರಮ್ಮ ಕೂತ ಹೊತ್ತು

ಕಲ್ಯಾಣದುರ್ಗದ ಬನಶಂಕರಮ್ಮನ ಕಾಲಿಗೆ ಚಕ್ರ ಕಟ್ಟಿದೆ ಎಂದು ಜನ ಹೇಳುತ್ತಿದ್ದರು. ಚಕ್ರವಾದರೂ ಬ್ರೇಕು ಹಾಕಿದರೆ ನಿಲ್ಲುತ್ತದೆ, ಈಕೆ ನಿಲ್ಲುತ್ತಿರಲಿಲ್ಲ. ಒಲೆಯ ಮೇಲೆ ಅನ್ನಕ್ಕೆ ಎಸರಿಟ್ಟು ಬೀದಿ ಕೊನೆಯ ಬಾಣಂತಿಯನ್ನು ನೋಡಲು ಹೋಗುವಳು, ಬರುವ ದಾರಿಯಲ್ಲಿ ಯಾರದೋ ನಲ್ಲಿ ಜಗಳ ಬಿಡಿಸುವಳು, ಮನೆಗೆ ಬರುವಷ್ಟರಲ್ಲಿ ಅನ್ನ ಸೀದಿರುವುದು. ಗಂಡ ರಾಮಲಿಂಗಯ್ಯ ಬಸ್ ಸ್ಟ್ಯಾಂಡಿನ ಹತ್ತಿರ ಟೈಲರು. ಸೀದ ಅನ್ನವನ್ನು ಇಪ್ಪತ್ತೈದು ವರ್ಷ ತುಟಿಪಿಟಕ್ಕೆನ್ನದೆ ಉಂಡ ಮನುಷ್ಯ. ಇಂಥ ಗಂಡಂದಿರು ಈಗ ಸಿಗುವುದಿಲ್ಲ, ಆಗಲೂ ಸಿಗುತ್ತಿರಲಿಲ್ಲ. ಅವಳಿಗೆ ಸಿಕ್ಕಿದ್ದ.

ಅವಳು ಕೂರುತ್ತಿದ್ದುದು ಒಂದೇ ಕೆಲಸಕ್ಕೆ, ಹಾಸು ಕೆಚ್ಚುವುದಕ್ಕೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಒಂದು ಹಾಸು ನೇಯ್ದು ಮುಗಿಯುವಾಗ ಹಳೆಯ ಎಳೆಗಳ ತುದಿಯನ್ನು ಹಾಗೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಸೇರಿಸಿ ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯಬೇಕು. ರೇಷ್ಮೆ ಸೀರೆಗೆ ನಾಲ್ಕು ಸಾವಿರದ ಮೇಲೆ ಎಳೆ. ಬೆಳಗ್ಗೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಮುಗಿಯುವುದು. ನಡುವೆ ಎದ್ದರೆ ಬಿಗಿ ತಪ್ಪಿ ರೇಷ್ಮೆ ಸಿಕ್ಕಾಗುತ್ತದೆ, ಇನ್ನೊಬ್ಬಳು ಬಂದು ಮುಂದುವರಿಸಿದರೆ ಹೊಸೆತ ಬೇರೆಯಾಗಿ ನೇಯುವಾಗ ಎಳೆ ಕಡಿಯುತ್ತದೆ. 'ಕೂತ ಕೈಯೇ ಮುಗಿಸಬೇಕು' ಎಂಬುದು ಹಿಂದೂಪುರದಲ್ಲಿ ಅವಳ ತಾಯಿ ಕಲಿಸಿದ ಕಟ್ಟಳೆ. ಬಾಯಾರಿದರೆ ಯಾರಾದರೂ ಲೋಟ ಎತ್ತಿ ಬಾಯಿಗೆ ಹಿಡಿಯಬೇಕು.

ತಾಯಿ ಸತ್ತಾಗ ಅವಳಿಗೆ ಹದಿನಾರು, ತಮ್ಮ ಸಂಜೀವಪ್ಪನಿಗೆ ಐದು. ಅವನನ್ನು ಸೊಂಟಕ್ಕೆ ಏರಿಸಿಕೊಂಡೇ ಮಗ್ಗದ ಮನೆಗಳಿಗೆ ಹೋಗುತ್ತಿದ್ದಳು. ಹುಡುಗನೂ ಅಕ್ಕನ ಹಾಗೆಯೇ ನಿಂತಲ್ಲಿ ನಿಲ್ಲದವನು, ಆದರೆ ಬುದ್ಧಿ ಚುರುಕು. ಬೆಲ್ಲ ಕದ್ದರೆ, ಸ್ಲೇಟು ಒಡೆದರೆ, ಸ್ಕೂಲಿಗೆ ಚಕ್ಕರ್ ಹೊಡೆದರೆ ಆಗಲೇ ಬಾಯಿ ಬಿಡುತ್ತಿರಲಿಲ್ಲ. ಅಕ್ಕ ಹಾಸಿನ ಮುಂದೆ ಕೂತು ನೂರಿನ್ನೂರು ಎಳೆ ಕೆಚ್ಚುವ ತನಕ ಕಾಯುವನು. ಆಮೇಲೆ ಕೈಗೆ ಸಿಗದಷ್ಟು ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, "ಅಕ್ಕಾ, ತಪ್ಪು ಮಾಡ್ಬುಟ್ಟೆ" ಎನ್ನುವನು. ಅವಳು ಹಲ್ಲು ಕಚ್ಚಿ, "ಮೇಲೇಳ್ತೀನಿ ತಡಿ, ಚರ್ಮ ಸುಲಿದ್ಬುಡ್ತೀನಿ ಕಣ್ಲಾ" ಎನ್ನುವಳು. ಏಳುವ ಹೊತ್ತಿಗೆ ಸಂಜೆಯಾಗಿ, ಸೊಂಟ ಹಿಡಿದು, ಸಿಟ್ಟು ಇಳಿದಿರುವುದು. ಆ ಉಪಾಯ ಅವನಿಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಮದುವೆಯಾಗಿ ಕಲ್ಯಾಣದುರ್ಗಕ್ಕೆ ಬಂದಾಗ ತಮ್ಮನನ್ನೂ ಜೊತೆಗೇ ತಂದಳು. ಅವಳಿಗೆ ಮಕ್ಕಳಾಗಲಿಲ್ಲ. ಆಗಲಿಲ್ಲವೆಂದು ಕೊರಗಲು ಪುರುಸೊತ್ತೂ ಇರಲಿಲ್ಲ. ತಮ್ಮ ಬೆಳೆದು ಹಿಂದೂಪುರಕ್ಕೆ ಮರಳಿ ಮಗ್ಗ ಹಾಕಿದ, ಗಂಗಾದೇವಿಯನ್ನು ಮದುವೆಯಾದ, ಪದ್ಮಾ ಎಂಬ ಹೆಣ್ಣುಮಗು ಹುಟ್ಟಿತು. ನಡುವೆ ಎರಡು ವರ್ಷ ರೇಷ್ಮೆ ಕೆಲಸ ಬಿದ್ದುಹೋದಾಗ ಹೆದ್ದಾರಿಯ ಕೊಡಿಕೊಂಡದಲ್ಲಿ ಲಾರಿ ಕೆಲಸ ಹಿಡಿದು ದೇಶ ಸುತ್ತಿ, ಮತ್ತೆ ಬಂದು ಮಗ್ಗದ ಗುಂಡಿಗೆ ಇಳಿದಿದ್ದ. ಅವನ ಮಗ್ಗಕ್ಕೆ ಹಾಸು ಕೆಚ್ಚಲು ಕಲ್ಯಾಣದುರ್ಗದಿಂದ ಅಕ್ಕನೇ ಬರಬೇಕು. ಪಾವಗಡದಲ್ಲಿ ಬಸ್ಸು ಬದಲಿಸಿ ಬರುವಳು. ಹಿಂದೂಪುರದಲ್ಲಿ ಕೆಚ್ಚುವವರಿಗೆ ಬರವಿರಲಿಲ್ಲ, ಆದರೆ ಅವಳ ಮುಂದೆ ಹಾಗೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ತೊಂಬತ್ತೇಳನೆಯ ಇಸವಿ, ಯುಗಾದಿ ಕಳೆದ ವಾರ. ಟೈಲರ್ ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಗಂಗಾದೇವಿಯ ಫೋನು ಬಂತು. "ಅತ್ತಿಗೆ, ಇವರ ಮುಖ ಯಾಕೋ ಊದ್ಕೊಂಡೈತೆ" ಎಂದಳು, ಅಷ್ಟರಲ್ಲಿ ಲೈನು ಕಡಿಯಿತು. ಬನಶಂಕರಮ್ಮ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ಸೀಟು ಖಾಲಿ ಇದ್ದರೂ ಪಾವಗಡದವರೆಗೆ ನಿಂತೇ ಬಂದಳು. ಕಂಡಕ್ಟರು, "ಕೂರ್ಚೋಮ್ಮಾ, ನಿಂತರೆ ಬಸ್ಸು ಬೇಗ ಹೋಯ್ತದಾ?" ಎಂದು ನಕ್ಕ. ಅವನಿಗೇನು ಗೊತ್ತು.

ಸಂಜೀವಪ್ಪ ಮಗ್ಗದಲ್ಲಿದ್ದ. ಗುಂಡಿಮಗ್ಗದಲ್ಲಿ ನೇಕಾರ ಸೊಂಟದ ತನಕ ನೆಲದೊಳಗೆ, ಕಾಲು ಕೆಳಗೆ ಕಾಲುಮಣೆಯ ಮೇಲೆ. ಮೇಲಿನಿಂದ ನೋಡಿದರೆ ಕಾಲು ಕಾಣುವುದೇ ಇಲ್ಲ. ಅಕ್ಕ ಬಂದಳೆಂದು ಅವನು ಏಳಲಿಲ್ಲ.

"ಕಾಲೆತ್ತು."

"ಕೆಲ್ಸ ಐತೆ ಕಣಕ್ಕ."

"ಎತ್ತೋ ಅಂದ್ರೆ!"

ಅವನು ಎತ್ತಿದ. ಕಣಕಾಲು ಯಾವುದು, ಮೀನಖಂಡ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಅವಳು ಬೆರಳಿಟ್ಟು ಒತ್ತಿದಳು. ಮುದ್ದೆಯ ಹಿಟ್ಟಿಗೆ ಒತ್ತಿದಂತೆ ಗುಳಿ ಬಿತ್ತು, ಬಿದ್ದ ಗುಳಿ ಹಾಗೇ ಉಳಿಯಿತು. ಗಂಗಾದೇವಿ ಹಿಂದೆ ನಿಂತು, ಉಚ್ಚೆ ಸೋಪಿನ ನೀರಿನ ಹಾಗೆ ನೊರೆ ಕಟ್ಟುತ್ತದೆಂದೂ, ಇಲ್ಲಿನ ಡಾಕ್ಟರು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರೆಂದೂ, ಎರಡು ಸಲ ಹೋಗಿ ಬಂದಾಯಿತೆಂದೂ ಮೆಲ್ಲಗೆ ಹೇಳಿದಳು.

"ನಂಗೆ ಹೇಳ್ದೆ ಹೋದ್ರಾ? ಏನಂದ್ರು?"

"ಎರಡೂ ಕಿಡ್ನಿ ಕೆಟ್ಟಾವಂತೆ" ಎಂದ ಸಂಜೀವಪ್ಪ. ಇನ್ನೂ ಏನೋ ಹೇಳುವವನಂತೆ ಬಾಯಿ ತೆರೆದು, ಲಾಳಿ ಎತ್ತಿಕೊಂಡ.

"ಅಷ್ಟೇ ತಾನೆ?" ಬನಶಂಕರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನನ್ನತ್ರ ಎರಡವೆ. ಒಂದು ನೀನು ತಗಾ."

"ಅದಾಗಲ್ಲ ಕಣಕ್ಕ."

"ಯಾಕಾಗಲ್ಲ? ನಿನ್ನ ಸಾಕ್ದೋಳು ನಾನು. ಆಗ್ತೈತೆ."

ಆಗುತ್ತದೆ ಎಂದರೆ ಆಗಬೇಕು. ಕಲ್ಯಾಣದುರ್ಗಕ್ಕೆ ಬಂದವಳೇ ರಕ್ತ ಪರೀಕ್ಷೆ ಮಾಡಿಸಿದಳು. ಇಬ್ಬರ ರಕ್ತವೂ ಒಂದೇ ಗುಂಪು. ಆ ಚೀಟಿಯನ್ನು ಎಲೆಅಡಿಕೆ ಸಂಚಿಯಲ್ಲಿಟ್ಟುಕೊಂಡು ತರಕಾರಿಯವಳಿಗೆ, ಬಸ್ ಕಂಡಕ್ಟರಿಗೆ, ಬ್ಲೌಸ್ ಹೊಲಿಸಲು ಬಂದ ಟೀಚರಮ್ಮನಿಗೆ, ಕೇಳಿದವರಿಗೆ, ಕೇಳದವರಿಗೆ ತೋರಿಸಿದಳು. ರಾಮಲಿಂಗಯ್ಯ ಸೂಜಿಗೆ ದಾರ ಪೋಣಿಸುತ್ತ, "ಕೊಡೋದು ಕೊಡು, ಸಾರೋದು ಯಾಕೆ?" ಎಂದ. ಇಪ್ಪತ್ತೈದು ವರ್ಷದಲ್ಲಿ ಅವನು ಆಡಿದ ಮೊದಲ ಎದುರುಮಾತು ಅದು. ಕೇಳಿದ್ದರೆ ಚೆನ್ನಾಗಿತ್ತು. ಅವಳು ಅದಾಗಲೇ ಬಾಗಿಲು ದಾಟಿದ್ದಳು.

ನಮ್ಮ ಜನಕ್ಕೆ ಒಂದು ರೋಗವಿದೆ. ಮದುವೆಗೆ ಮುಂಚೆಯೇ ತೊಟ್ಟಿಲು ಕಟ್ಟುತ್ತಾರೆ. ನೇಕಾರ ಕುಲದ ಯಜಮಾನ ಶ್ರೀರಾಮುಲು ಶುಕ್ರವಾರದ ಪೂಜೆಯಾದ ಮೇಲೆ ಚೌಡಮ್ಮನ ಗುಡಿಯಲ್ಲಿ ಎಲ್ಲರನ್ನೂ ಕೂರಿಸಿ, "ತಮ್ಮನಿಗೆ ಪ್ರಾಣ ಕೊಡೋ ಹೆಣ್ಣುಮಗಳು ನಮ್ಮ ಕುಲದಾಗೆ ಹುಟ್ಟವಳೆ" ಎಂದು ಭಾಷಣ ಮಾಡಿ, ಆಪರೇಷನ್ನಿಗೆ ಮುಂಚೆಯೇ ಅವಳಿಗೆ ಹಸಿರು ಶಾಲು ಹೊದಿಸಿಬಿಟ್ಟರು. ಹೆಂಗಸರು ಕುಂಕುಮ ಹಚ್ಚಿದರು. ಬನಶಂಕರಮ್ಮನಿಗೆ ಹಿಗ್ಗೋ ಹಿಗ್ಗು. ಕಲ್ಯಾಣದುರ್ಗದ ಬಿಸಿಲಲ್ಲಿ ಒಂದು ವಾರ ಆ ಶಾಲು ಹೊದ್ದು ಓಡಾಡಿದಳೆಂದರೆ ನೀವೇ ಲೆಕ್ಕ ಹಾಕಿ.

ಆದರೆ ಹಿಂದೂಪುರದಿಂದ ಹೊರಡುವ ಮಾತೇ ಬರಲಿಲ್ಲ. ವೈಶಾಖ ಕಳೆಯಿತು, ಜ್ಯೇಷ್ಠ ಬಂತು. ಅವಳು ಹೋದಾಗಲೆಲ್ಲ ಸಂಜೀವಪ್ಪನ ಹತ್ತಿರ ಒಂದು ನೆಪ ಸಿದ್ಧವಾಗಿರುತ್ತಿತ್ತು. ಈ ಸೀರೆ ಮುಗಿಯಲಿ. ಪದ್ಮಾಗೆ ಸ್ಕೂಲು ಶುರುವಾಗಲಿ. ಅವಳು ಹೋಗುವಾಗ ನೆಗ್ಗಿಲುಮುಳ್ಳಿನ ಕಷಾಯ, ಬಾಳೆದಿಂಡಿನ ರಸ, ಬಾರ್ಲಿ ಹೊತ್ತು ಹೋಗುವಳು. ಡಾಕ್ಟರು ಬೇಡವೆಂದಿದ್ದಾರೆ ಎಂದು ಗಂಗಾದೇವಿ ಅವನ್ನು ಒಂದು ಮೂಲೆಗಿಡುವಳು. ಊತ ಒಂದು ದಿನ ಇಳಿಯುವುದು, ಮರುದಿನ ಕಣ್ಣು ಮುಚ್ಚಿಹೋಗುವಷ್ಟು ಏರುವುದು. ಉಪ್ಪಿಲ್ಲದ ಸಾರನ್ನು ಸಂಜೀವಪ್ಪ ಎರಡು ತುತ್ತು ಉಂಡು ತಟ್ಟೆ ದೂಡುವನು. ಅವನ ಭುಜದ ಮೂಳೆ ಅಂಗಿಯಲ್ಲಿ ಎದ್ದು ಕಾಣುತ್ತಿತ್ತು. ಮೇಲೆ ಒಣಗಿ, ಕೆಳಗೆ ಊದಿ, ಇದೆಂಥ ಕಾಯಿಲೆಯೋ ಎಂದು ಅವಳಿಗೆ ದಿಗಿಲಾಗುತ್ತಿತ್ತು. ಬಸ್ಸಿನಲ್ಲಿ ನಿಂತು ಹೋಗುವಳು, ನಿಂತು ಬರುವಳು, ಊರಲ್ಲಿ ಎದುರಾದವರು, "ಯಾವಾಗ ಬನಶಂಕರಮ್ಮ, ಆಪರೇಷನ್ನು?" ಎನ್ನುವರು. "ಇವತ್ತೋ ನಾಳೆನೋ ಕಣಮ್ಮ" ಎನ್ನುವಳು. ಹಾಗೆ ಎಷ್ಟು ಸಲ ಹೇಳಲಾಗುತ್ತದೆ?

ಆಷಾಢದಲ್ಲಿ ಅವಳ ತಾಳ್ಮೆ ಹರಿಯಿತು. ಇದ್ದದ್ದೇ ಒಂದೆಳೆ. ಹರಿದದ್ದು ಗಂಗಾದೇವಿಯ ಮೇಲೆ.

"ನಿಂದೇ ಇದೆಲ್ಲ. ಅತ್ತಿಗೆ ಋಣ ಬೇಡ ಅಂತ ಕಿವಿ ಊದಿದ್ದೀಯ. ನನ್ನ ತಮ್ಮ ಸತ್ರೆ ನಿಂಗೇನು?"

ಗಂಗಾದೇವಿ ರಾಟೆಯ ಮುಂದೆ ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತಿದ್ದಳು. ತಲೆಯೆತ್ತಲಿಲ್ಲ. ರಾಟೆಯೂ ನಿಲ್ಲಲಿಲ್ಲ. ಮೂಗಿನ ತುದಿಯಿಂದ ಒಂದು ಹನಿ ಕೈಮೇಲೆ ಬಿದ್ದದ್ದನ್ನು ಬನಶಂಕರಮ್ಮ ನೋಡಿದಳು. ನೋಡಿಯೂ ಸುಮ್ಮನಾಗಲಿಲ್ಲ. "ಸೋಮವಾರ ನಾನೇ ಬೆಂಗಳೂರಿಗೆ ಹೋಯ್ತೀನಿ. ಆ ಡಾಕ್ಟ್ರ ಮೇಜಿನ ಮ್ಯಾಲೆ ಈ ಚೀಟಿ ಬಿಸಾಕಿ, ಯಾವತ್ತು ಕುಯ್ತೀಯೋ ಹೇಳಪ್ಪ ಅಂತ ಕೇಳ್ತೀನಿ" ಎಂದು ಸಂಚಿ ತಟ್ಟಿದಳು.

ಸಂಜೀವಪ್ಪ ಹೆಂಡತಿಯ ಕಡೆ ನೋಡಿದ. ಆಮೇಲೆ, "ಹೋಗುವಂತೆ ಬಿಡಕ್ಕ. ಇವತ್ತಿಗೆ ಹಳೇ ಹಾಸು ಮುಗೀತೈತೆ. ಹೊಸದು ಕೆಚ್ಚಿಕೊಡು, ಆಮೇಲೆ ನೋಡಾಣ" ಎಂದ.

ಒಪ್ಪಿದಳು. ಇದೊಂದು ಮುಗಿದರೆ ನೆಪ ಹೇಳಲು ಇನ್ನೇನೂ ಉಳಿಯುವುದಿಲ್ಲವೆಂದು ಅವಳ ಎಣಿಕೆ.

ಮರುದಿನ ಬೆಳಗ್ಗೆ ಮುದ್ದೆ ಉಂಡು, ಕೈ ತೊಳೆದು, ಬೂದಿಯ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಹಾಸಿನ ಮುಂದೆ ಕೂತಳು. ಮಾವಿನ ಎಲೆಯ ಹಸಿರು ರೇಷ್ಮೆ. ಬೆರಳು ಓಡತೊಡಗಿದ ಮೇಲೆ ಅವಳ ಮುಖವೇ ಬೇರೆಯಾಗುವುದು, ಹುಬ್ಬಿನ ಗಂಟು ಬಿಚ್ಚುವುದು. ಪದ್ಮಾ ಸ್ಕೂಲಿಗೆ ಹೋದಳು. ಗಂಗಾದೇವಿ ಬೀದಿಯ ಬಾಗಿಲು ಮುಂದಕ್ಕೆ ತಳ್ಳಿ ಒಳಗೆ ಹೋದಳು. ಸಾವಿರ ಎಳೆ ದಾಟಿರಬೇಕು, ಸಂಜೀವಪ್ಪ ಗೋಡೆ ಹಿಡಿದು ಬಂದು ಅವಳೆದುರು ಕೂತ. ಕೈಗೆ ಸಿಗದಷ್ಟು ದೂರದಲ್ಲಿ.

"ಅಕ್ಕಾ, ತಪ್ಪು ಮಾಡ್ಬುಟ್ಟೆ."

ಬನಶಂಕರಮ್ಮನಿಗೆ ನಗು ಬಂತು. ಮೂವತ್ತು ವರ್ಷದ ಹಿಂದಿನ ಮಾತು. "ಏನು ಕದ್ದೆಲಾ?" ಎಂದಳು ಎಳೆಯಿಂದ ಕಣ್ಣು ತೆಗೆಯದೆ.

"ನಂಗಿರೋದು ಬರೀ ಕಿಡ್ನಿ ಕಾಯಿಲೆ ಅಲ್ಲ. ಏಡ್ಸ್ ಅಂತಾರಲ್ಲ, ಅದು. ರಕ್ತದಾಗೆ ಎಚ್‌ಐವಿ ಐತೆ. ಅದೇ ಕಿಡ್ನಿ ತಿಂದೈತೆ ಅಂದ್ರು ಡಾಕ್ಟ್ರು."

ಬೆರಳು ನಿಂತಿತು. ಎಡಗೈಯಲ್ಲಿ ಹಳೆಯ ಎಳೆ, ಬಲಗೈಯಲ್ಲಿ ಹೊಸ ಎಳೆ. ಆ ಹೆಸರನ್ನು ಅವಳು ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ನೋಡಿದ್ದಳು, ಆ ಗೋಡೆಯ ಕಡೆ ಮುಖ ತಿರುಗಿಸಿ ನಡೆದಿದ್ದಳು. ಎದ್ದು ಬೀದಿಗೆ ಓಡಬೇಕು ಅನ್ನಿಸಿತು. ಇವನ ಕೆನ್ನೆಗೆ ಬಾರಿಸಬೇಕು, ಆ ಲಾರಿಗಳಿಗೆಲ್ಲ ಬೆಂಕಿ ಇಡಬೇಕು ಅನ್ನಿಸಿತು. ಮುಂದೆ ಮೂರು ಸಾವಿರ ಎಳೆ ಬಿಗಿಯಾಗಿ ಕಾದು ನಿಂತಿದ್ದವು.

"ಕೆಚ್ಚಕ್ಕ" ಎಂದ ಅವನು. "ನಿಲ್ಲಿಸಬೇಡ."

ಅವಳು ಎರಡು ಎಳೆ ಸೇರಿಸಿ ಹೊಸೆದಳು. ಇನ್ನೊಂದು ಹೊಸೆದಳು.

"ಲಾರಿಗೆ ಹೋದಾಗ್ಲಾ?"

"ಹೂಂ."

"ಬಡ್ಡಿಮಗನೆ."

"ಹೂಂ ಕಣಕ್ಕ."

ಆಮೇಲೆ ಅವಳು, "ಗಂಗಾ?" ಎಂದಳು. ಆ ಒಂದು ಮಾತು ಕೇಳಲು ಅವಳಿಗೆ ಹತ್ತು ಎಳೆ ಬೇಕಾದವು.

"ಅವಳ್ಗೂ ಪದ್ಮಂಗೂ ಪರೀಕ್ಷೆ ಮಾಡ್ಸಿದ್ವಿ. ಇಬ್ಬರ್ಗೂ ಇಲ್ಲ. ಅವಳ್ಗೆ ಮೊದ್ಲಿಂದ ಗೊತ್ತು. ಬಯ್ಯಲಿಲ್ಲ. ಮೂರು ದಿನ ಮಾತಾಡಲಿಲ್ಲ, ನಾಲ್ಕನೇ ದಿನ ಉಪ್ಪಿಲ್ದೆ ಅಡುಗೆ ಮಾಡಿದ್ಲು."

"ಅದಿದ್ರೇನು? ನನ್ನ ಕಿಡ್ನಿ ಒಳ್ಳೇದೈತಲ್ಲ. ಹಾಕ್ಲಿ."

"ಹಾಕಲ್ಲಕ್ಕ. ಈ ರಕ್ತ ಇರೋರ್ಗೆ ಯಾರೂ ಹಾಕಲ್ವಂತೆ. ಹಾಕಿದ್ರೂ ಉಳಿಯಲ್ಲ, ನಿಂದೂ ದಂಡ ಅಂದ್ರು. ರಕ್ತ ತೊಳೆಯೋ ಮಿಷಿನ್ನಿಗೂ ನನ್ನ ಸೇರಿಸ್ಕಳಲ್ಲ. ಒಂದು ಸಲ ನಂಗೆ ಹಾಕಿದ ಮಿಷಿನ್ನು ಬೇರೆಯೋರ್ಗೆ ಹಾಕಾಕಾಗಲ್ಲ ಅಂತಾರೆ. ಈ ಕಾಯಿಲೆಗೆ ಹೊರದೇಶದಾಗೆ ಮಾತ್ರೆ ಬಂದೈತಂತೆ. ಇಲ್ಲಿಗೆ ಯಾವಾಗ ಬತ್ತೈತೋ, ಅಷ್ಟೊತ್ತಿಗೆ ನಾನಿರ್ತೀನೋ ಇಲ್ವೋ."

ಅವನು ಮೊಣಕಾಲು ತಬ್ಬಿಕೊಳ್ಳಲು ಹೋದ. ಊದಿದ ಕಾಲು ಮಡಿಯಲಿಲ್ಲ. ಚಾಚಿಕೊಂಡು ಹೇಳಿದ, "ನೀನು ಬೆಂಗಳೂರಿಗೆ ಹೋಗಿ ಡಾಕ್ಟ್ರನ್ನ ಕೇಳಿದ್ರೆ ಎಲ್ಲ ಬಯಲಾಗ್ತೈತೆ. ನಾನು ಸಾಯೋ ಮಾತಲ್ಲಕ್ಕ ಇದು. ರೇಷ್ಮೆ ಕೊಡೋ ಮಾಲೀಕರಿಗೆ ಗೊತ್ತಾದ್ರೆ ನಾಳೆನೇ ವಾಪಸ್ ತಗಂಡು ಹೋಯ್ತಾರೆ. ಆ ಕಡೆ ಒಂದೂರಾಗೆ ಇದೇ ಕಾಯಿಲೆ ಇದ್ದೋನ ಮನೆಗೆ ನೀರು ನಿಲ್ಲಿಸಿದ್ರಂತೆ, ಮಕ್ಕಳ್ನ ಸ್ಕೂಲಿಂದ ಕಳ್ಸಿದ್ರಂತೆ. ಪದ್ಮಂಗೆ ಇನ್ನೂ ಹತ್ತು ವರ್ಷ. ಕಿಡ್ನಿ ಅಂದ್ರೆ ಜನ ಅಯ್ಯೋ ಅಂತಾರೆ. ಅದಂದ್ರೆ ಥೂ ಅಂತಾರೆ."

"ಮತ್ತೆ ನಾನು ಊರಿಗೆಲ್ಲ ಹೇಳ್ಬುಟ್ಟಿದೀನಲ್ಲೋ, ಕೊಡ್ತೀನಿ ಅಂತ! ಶಾಲು ಹೊದಿಸವ್ರೆ ಕಣ್ಲಾ ನಂಗೆ!"

"ಅದ್ಕೇ ಮೂರು ತಿಂಗಳಿಂದ ನಾಲಿಗೆ ಏಳಲಿಲ್ಲ" ಎಂದ ಸಂಜೀವಪ್ಪ, ತಲೆ ತಗ್ಗಿಸಿ. "ಹೆಂಗೆ ಹೇಳ್ತೀಯೋ ಹೇಳಕ್ಕ. ನಂಗೆ ತೋಚಲ್ಲ."

ಅವಳಿಗೂ ತೋಚಲಿಲ್ಲ. ರಕ್ತ ಹೊಂದಲಿಲ್ಲ ಎನ್ನೋಣವೆಂದರೆ ಹೊಂದಿದ ಚೀಟಿಯನ್ನು ಊರೆಲ್ಲ ನೋಡಿದೆ. ಡಾಕ್ಟರು ಬೇಡವೆಂದರು ಎಂದರೆ ಯಾಕೆಂದು ಕೇಳುತ್ತಾರೆ. ಶ್ರೀರಾಮುಲುವಿನಂಥವರು ಬೆಂಗಳೂರಿನ ತನಕ ಹೋಗಿ ವಿಚಾರಿಸಿಯೇ ಬರುತ್ತಾರೆ. ಗಂಡ ಒಪ್ಪಲಿಲ್ಲ ಎಂದರೆ ಆ ಸಾಧುಪ್ರಾಣಿಯನ್ನು ಜನ ಹುರಿದು ಮುಕ್ಕುತ್ತಾರೆ. ಒಂದೊಂದು ಸುಳ್ಳನ್ನೂ ಎತ್ತಿ ನೋಡಿದಳು, ಒಂದೊಂದೂ ಯಾರದೋ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ತನ್ನ ಬಾಗಿಲಿಗೆ ಬಂದು ನಿಲ್ಲುವ ಸುಳ್ಳು ಒಂದೇ ಇತ್ತು. ಬನಶಂಕರಮ್ಮ ಮಾತಿಗೆ ತಪ್ಪಿದಳು ಎಂದು ಆವರೆಗೆ ಯಾರೂ ಅಂದಿರಲಿಲ್ಲ.

ಮಧ್ಯಾಹ್ನ ಗಂಗಾದೇವಿ ನೀರಿನ ಲೋಟ ತಂದು ಅವಳ ಬಾಯಿಗೆ ಹಿಡಿದಳು. ಕುಡಿದಳು. "ನಿನ್ನೆ ಅಂದದ್ದು ಮನಸಿಗೆ ಇಟ್ಕಬೇಡ ಕಣೆ ಗಂಗಾ" ಎಂದಳು. ಗಂಗಾದೇವಿ ಸೆರಗಿನಿಂದ ಅವಳ ಗಲ್ಲ ಒರೆಸಿದಳು. ಒರೆಸಿದ್ದು ನೀರನ್ನೋ ಕಣ್ಣೀರನ್ನೋ ಇಬ್ಬರೂ ವಿಚಾರಿಸಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೊನೆಯ ಎಳೆ ಕೆಚ್ಚಿ ಎದ್ದಳು. ಸೊಂಟ ನೆಟ್ಟಗಾಗಲಿಲ್ಲ. ಬಗ್ಗಿಕೊಂಡೇ ತಮ್ಮನ ಹತ್ತಿರ ಹೋಗಿ ಕೈ ಎತ್ತಿದಳು. ಅವನು ಹೊಡೆತಕ್ಕೆ ಕೆನ್ನೆ ಕೊಟ್ಟು ಕಣ್ಣು ಮುಚ್ಚಿದ. ಬೂದಿಗೈಯಲ್ಲಿ ಅವನ ತಲೆ ಸವರಿ, "ಊಟ ಮಾಡಿದ್ಯೇನ್ಲಾ?" ಎಂದಳು.

ಮುಂದಿನ ಶುಕ್ರವಾರ ಕಲ್ಯಾಣದುರ್ಗದ ಚೌಡಮ್ಮನ ಗುಡಿಯಲ್ಲಿ ಮಂಗಳಾರತಿ ಮುಗಿದು ಎಲ್ಲರೂ ಇನ್ನೂ ಕೂತಿರುವಾಗಲೇ ಬನಶಂಕರಮ್ಮ ಆ ಹಸಿರು ಶಾಲನ್ನು ಒಗೆದು ಮಡಿಸಿ ತಂದು ಶ್ರೀರಾಮುಲುವಿನ ಮುಂದಿಟ್ಟಳು.

"ನಾನು ಕಿಡ್ನಿ ಕೊಡಲ್ಲ. ಭಯ ಆಯ್ತು."

ಶ್ರೀರಾಮುಲು ಶಾಲನ್ನೂ ಅವಳನ್ನೂ ನೋಡಿ, "ಹೊದಿಸಿದ ಶಾಲು ವಾಪಸ್ ತಗಳೋ ಪದ್ಧತಿ ಇಲ್ಲ ಕಣಮ್ಮ. ಇನ್ನೊಂದ್ಸಲ ಯೋಚ್ನೆ ಮಾಡು. ಒಡಹುಟ್ಟಿದೋನು" ಎಂದರು.

"ಮಾಡಿದೀನಿ. ಕತ್ತಿ ನೆನಸ್ಕಂಡ್ರೆ ರಾತ್ರಿ ನಿದ್ದೆ ಹತ್ತಲ್ಲ. ಆಗಲ್ಲ."

ಹಿಂದಿನ ಸಾಲಿನಲ್ಲಿ ಒಬ್ಬಳು, "ಛೀ, ನೋರು ಮಾತ್ರಂ ಪೆದ್ದದಿ" ಎಂದಳು. ಬಾಯಿ ಮಾತ್ರ ದೊಡ್ಡದು, ಎಂದು. ಬನಶಂಕರಮ್ಮ ತಿರುಗಿ ನೋಡಲಿಲ್ಲ. ಮನೆಗೆ ಬಂದು ಒಲೆಯ ಮುಂದೆ ನಿಂತಳು. ರಾಮಲಿಂಗಯ್ಯನಿಗೆ ಸುದ್ದಿ ಮುಟ್ಟಿತ್ತು. ಅವನು ಹೆಂಡತಿಯನ್ನು ಬಹಳ ಹೊತ್ತು ನೋಡಿದ. ಭಯ ಎಂಬುದು ಈ ಹೆಂಗಸಿನ ಮೈಯಲ್ಲಿ ಎಲ್ಲೂ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕೈಕಾಲು ತೊಳೆದು ಊಟಕ್ಕೆ ಕೂತ. ಆ ದಿನ ಅನ್ನ ಸೀದಿರಲಿಲ್ಲ, ಅದನ್ನು ಕಂಡೇ ಅವನಿಗೆ ಹೆದರಿಕೆಯಾಯಿತು.

ಸಂಜೀವಪ್ಪ ಆ ಹಾಸಿನ ಎರಡು ಸೀರೆ ನೇಯ್ದ. ಮೂರನೆಯದರ ಅಂಚು ಏಳುವಾಗ ಕಾಲುಮಣೆ ತುಳಿಯಲಾಗದೆ ಗಂಗಾದೇವಿಯೇ ಗುಂಡಿಗೆ ಇಳಿದಳು. ದೀಪಾವಳಿಗೆ ಮುಂಚೆ ಅವನಿಗೆ ಉಬ್ಬಸ ಶುರುವಾಯಿತು, ಕಾರ್ತಿಕದಲ್ಲಿ ಹೋದ. ಕೊನೆಯ ಹದಿನೈದು ದಿನ ಬನಶಂಕರಮ್ಮ ಅವನ ತಲೆದಿಂಬಿನ ಪಕ್ಕದಿಂದ ಏಳಲಿಲ್ಲ. ಹಾಸಿಲ್ಲದೆ, ಎಳೆಯಿಲ್ಲದೆ ಅವಳು ಅಷ್ಟು ಹೊತ್ತು ಕೂತದ್ದನ್ನು ಹಿಂದೂಪುರದ ಬೀದಿ ಅದೇ ಮೊದಲು ನೋಡಿತು. ನೋಡಿದವರು, ಈಗ ಕೂತು ಏನು ಬಂತು, ಕೊಡುವಾಗ ಕೊಡದೆ ಹೋದಳು, ಎಂದರು.

ಆಮೇಲೂ ಅವಳು ಪಾವಗಡದಲ್ಲಿ ಬಸ್ಸು ಬದಲಿಸಿ ಬರುತ್ತಲೇ ಇದ್ದಳು. ಮಗ್ಗ ನಿಲ್ಲಲಿಲ್ಲ, ಮಾಲೀಕರು ರೇಷ್ಮೆ ನಿಲ್ಲಿಸಲಿಲ್ಲ. ಪದ್ಮಾ ಏಳನೆಯ ಕ್ಲಾಸಿಗೆ ಬಂದಳು.

ತೊಂಬತ್ತೊಂಬತ್ತರ ಶ್ರಾವಣದಲ್ಲಿ ಒಂದು ದಿನ ಬನಶಂಕರಮ್ಮ ಗಂಗಾದೇವಿಯ ಮಗ್ಗಕ್ಕೆ ಹಾಸು ಕೆಚ್ಚುತ್ತಿದ್ದಾಗ ಎದುರುಮನೆಯ ಈರಕ್ಕ ಎಲೆಅಡಿಕೆಗೆ ಬಂದು ಕೂತಳು. ಎಂಬತ್ತರ ಮುದುಕಿ, ಸಂಜೀವಪ್ಪನನ್ನು ಎತ್ತಿ ಆಡಿಸಿದವಳು. ಸುಣ್ಣ ಹಚ್ಚುತ್ತ ಕೇಳಿಯೇಬಿಟ್ಟಳು.

"ಬನಶಂಕ್ರೀ, ಬೇಜಾರು ಮಾಡ್ಕಬೇಡ. ಒಂದು ಕಿಡ್ನಿ ಕೊಟ್ಟಿದ್ರೆ ಆ ಮಗ ಉಳೀತಿತ್ತಲ್ವೇನೆ?"

ಒಳಗೆ ರಾಟೆಯ ಸದ್ದು ನಿಂತಿತು. ಗಂಗಾದೇವಿ ಎದ್ದು ಬಂದು ಬಾಗಿಲಲ್ಲಿ ನಿಂತಳು. "ಈರಕ್ಕಾ, ಅದು..." ಎಂದಳು.

"ಕಂಡಿಕೆ ಸುತ್ತು ಹೋಗು ಗಂಗಾ. ಸಂಜೆಗೆ ಬೇಕಾಗ್ತಾವೆ" ಎಂದಳು ಬನಶಂಕರಮ್ಮ. ಬೂದಿಯ ಬಟ್ಟಲಿಗೆ ಬೆರಳು ಮುಟ್ಟಿಸಿ ಮುಂದಿನ ಎಳೆ ಎತ್ತಿಕೊಂಡಳು.

"ಉಳೀತಿದ್ದ ಈರಕ್ಕ. ನಂಗೇ ಭಯ ಆಯ್ತು."